ಬೆಳಕು ಒಡೆಯುತ್ತೆ, ಮೈ ಹೊರುತ್ತೆ

ಮೇಷ್ಟ್ರು: ಮೊದಲು ಈ ಫೋಟೊ ನೋಡಿ ಡಾಕ್ಟ್ರೇ. ಸೇನೆ ಭರ್ತಿಗೆ ತಯಾರಾಗೋದಕ್ಕೆ ನಮ್ಮ ಮೈದಾನಕ್ಕೆ ಬರೋ ಹುಡುಗ. ಬಲಗೈ, ಮೊಣಕೈಗಿಂತ ಕೆಳಗೆ, ಹೊರಮಗ್ಗುಲು. ಸಿಂಹದ ತಲೆಯ ಹಚ್ಚೆ ಹಾಕಿಸಿದ್ದ. ಈಗ ಸಿಂಹವೂ ಹಾಗೇ ಇದೆ, ಅದರ ಮೇಲೆ ಈ ಉಬ್ಬಿದ ಕಲೆ ಬೇರೆ.

ಡಾಕ್ಟರು: ಸುತ್ತ ಬೆಳ್ಳಗೂ ಆಗಿದೆ. ಏನು ಮಾಡಿಕೊಂಡ?

ಮೇಷ್ಟ್ರು: ಪೇಟೆಯಲ್ಲಿ ಒಂದು ಪಾರ್ಲರಿಗೆ ಹೋಗಿ ‘ಲೈಟ್’ ಹೊಡೆಸಿದ್ದಾನೆ. ಗುಳ್ಳೆ ಎದ್ದಿವೆ. ಅವು ಒಣಗೋ ಮುಂಚೆ ಆನ್‌ಲೈನ್‌ನಲ್ಲಿ ಯಾವುದೋ ಕ್ರೀಮು ತರಿಸಿ ಹಚ್ಚಿದ್ದಾನೆ. ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಓಟದಲ್ಲಿ ನಮ್ಮಲ್ಲಿ ಅವನೇ ಮೊದಲು. 1600 ಮೀಟರ್ ಓಡಿ ಬಂದು ಅವನು ಉಸಿರು ತಗೊಳ್ಳೋ ಹೊತ್ತಿಗೆ ಉಳಿದವರು ಇನ್ನೂ ಕೊನೇ ಸುತ್ತಿನಲ್ಲಿರ್ತಾರೆ. ಈಗ ತೋಳು ಮುಚ್ಚಿಕೊಂಡು ಓಡಾಡ್ತಾನೆ.

ಡಾಕ್ಟರು: ಎರಡು ಕಡೆಯಿಂದ ಸುಟ್ಟುಕೊಂಡಿದ್ದಾನೆ. ಈ ಕ್ರೀಮುಗಳಲ್ಲಿ ಕೆಲವು ಬರೀ ಚರ್ಮದ ಮೇಲ್ಪದರವನ್ನ ಮಸುಕು ಮಾಡ್ತವೆ, ಕೆಲವುಗಳಲ್ಲಿ ಗಟ್ಟಿ ಆಸಿಡ್ಡೇ ಇರುತ್ತೆ. ಟ್ಯಾಟೂ ತೆಗೆಯೋದಕ್ಕೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇವತ್ತಿನವರೆಗೆ ಒಂದು ಕ್ರೀಮಿಗೂ ಒಪ್ಪಿಗೆ ಕೊಟ್ಟಿಲ್ಲ. ಬಣ್ಣ ಇರೋ ಆಳಕ್ಕೆ ಆಸಿಡ್ ತಲುಪಬೇಕಾದರೆ ನಡುವೆ ಇರೋ ಚರ್ಮವನ್ನೆಲ್ಲ ತಿಂದೇ ತಲುಪಬೇಕು. ಹಾಗೆ ತಿಂದ ಜಾಗದಲ್ಲಿ ಬರೋದು ಕಲೆ.

ಮೇಷ್ಟ್ರು: ಆ ಬಣ್ಣ ಎಷ್ಟು ಆಳದಲ್ಲಿರುತ್ತೆ? ಮೇಲೆ ಮೇಲೆ ಚುಚ್ಚಿದ ಹಾಗೆ ಕಾಣುತ್ತಲ್ಲ.

ಡಾಕ್ಟರು: ಒಂದು ಮಿಲಿಮೀಟರ್, ಒಂದೂವರೆ, ಕೆಲವು ಕಡೆ ಎರಡು. ಕೈ ಪಳಗದವರು ಚುಚ್ಚಿದ್ದರೆ ಒಂದು ಕಡೆ ಮೇಲೆ, ಒಂದು ಕಡೆ ಆಳ. ನಮ್ಮ ಚರ್ಮದ ಮೇಲ್ಪದರ ಸುಮಾರು ಒಂದು ತಿಂಗಳಿಗೊಮ್ಮೆ ಉದುರಿ ಹೊಸದಾಗುತ್ತೆ. ಬಣ್ಣ ಅಲ್ಲಿ ಕೂತಿದ್ದರೆ ತಾನೇ ಹೋಗ್ತಿತ್ತು. ಸೂಜಿ ಅದನ್ನ ಮೇಲ್ಪದರದ ಕೆಳಗಿನ ಒಳಚರ್ಮದಲ್ಲಿ ಬಿಡುತ್ತೆ. ಅಲ್ಲಿ ರೋಗಾಣು, ಕಸ, ಏನು ಒಳಗೆ ಬಂದರೂ ನುಂಗೋ ಕೋಶಗಳಿವೆ. ಮ್ಯಾಕ್ರೋಫೇಜ್ ಅಂತೀವಿ. ಅವು ಬಂದು ಈ ಮಸಿಯ ಕಣವನ್ನೂ ನುಂಗ್ತವೆ. ನುಂಗಿದರೂ ಅರಗಿಸಿಕೊಳ್ಳೋಕಾಗಲ್ಲ. ಹೊತ್ತುಕೊಂಡು ಹೋಗೋಣ ಅಂದರೆ ಕಣ ದೊಡ್ಡದು. ಅಲ್ಲೇ ಕೂತುಬಿಡ್ತವೆ.

ಮೇಷ್ಟ್ರು: ಆ ಕೋಶ ಸತ್ತರೆ?

ಡಾಕ್ಟರು: ಒಳ್ಳೇ ಪ್ರಶ್ನೆ. ಫ್ರಾನ್ಸಿನ ಮಾರ್ಸೇಯಲ್ಲಿ ಇದನ್ನೇ ಹುಡುಕಿದರು. ಇಲಿಗಳ ಬಾಲಕ್ಕೆ ಹಸಿರು ಹಚ್ಚೆ ಹಾಕಿ, ಬಣ್ಣ ನುಂಗಿದ ಕೋಶಗಳನ್ನ ಬೇಕೆಂದೇ ಸಾಯಿಸಿದರು. ಹಚ್ಚೆ ಒಂಚೂರೂ ಕದಲಲಿಲ್ಲ. ಸತ್ತ ಕೋಶ ಬಿಟ್ಟ ಬಣ್ಣವನ್ನ ಹೊಸದಾಗಿ ಬಂದ ಕೋಶ ಅಲ್ಲೇ ನುಂಗಿತ್ತು. 2018ರಲ್ಲಿ ಪ್ರಕಟವಾಯ್ತು. ಅಲ್ಲಿವರೆಗೆ ನಮಗೆಲ್ಲ ಬಣ್ಣ ಒಂದೇ ಕೋಶದೊಳಗೆ ಜೀವಮಾನವಿಡೀ ಕೂತಿರುತ್ತೆ ಅನ್ನೋ ಭಾವನೆ ಇತ್ತು. ನಿಜದಲ್ಲಿ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟ್ತಾ ಇರುತ್ತೆ, ಜಾಗ ಮಾತ್ರ ಬದಲಾಗಲ್ಲ. ಇದನ್ನ ಓದಿದ ಮೇಲೆ ನನಗೆ ಹಚ್ಚೆ ನೋಡೋ ದೃಷ್ಟಿಯೇ ಬೇರೆ ಆಯ್ತು. ದಿನವೂ ಮೈ ಅದನ್ನ ಹಿಡಿದುಕೊಂಡೇ ಇರಬೇಕು, ಆಗಲೇ ಅದು ಉಳಿಯೋದು.

ಮೇಷ್ಟ್ರು: ಹಾಗಾದರೆ ಲೇಸರ್ ಏನು ಮಾಡುತ್ತೆ? ಅಳಿಸುತ್ತೆ ಅಂತಾರಲ್ಲ ಎಲ್ಲರೂ.

ಡಾಕ್ಟರು: ಅಳಿಸಲ್ಲ. ಒಡೆಯುತ್ತೆ, ಅಷ್ಟೇ. ಒಡೆದ ಪುಡಿಯನ್ನ ಹೊರೋದು ನಮ್ಮ ಮೈ. ಸಣ್ಣ ಚೂರುಗಳನ್ನ ಅದೇ ಕೋಶಗಳು ದುಗ್ಧರಸದ ನಾಳಗಳ ಕಡೆಗೆ ಒಯ್ತವೆ. ಸ್ವಲ್ಪ ದುಗ್ಧರಸ ಗ್ರಂಥಿಗಳಲ್ಲೇ ಉಳಿಯುತ್ತೆ, ಸ್ವಲ್ಪ ಗಾಯದ ಹಕ್ಕಳೆ ಜೊತೆ ಉದುರುತ್ತೆ. ಯಂತ್ರದ ಕೆಲಸ ನಿಮಿಷಗಳದ್ದು, ಮೈ ಕೆಲಸ ತಿಂಗಳುಗಳದ್ದು. ಹುಡುಗರಿಗೆ ನೀವು ಬೇರೇನೂ ಹೇಳದಿದ್ದರೂ ಇದೊಂದನ್ನ ಹೇಳಿ ಮೇಷ್ಟ್ರೇ.

ಮೇಷ್ಟ್ರು: ಬರೀ ಬೆಳಕು ಕಣವನ್ನ ಒಡೆಯುತ್ತಾ? ಚರ್ಮ ಸುಡದೆ?

ಡಾಕ್ಟರು: ನಿಮ್ಮ ತಂದೆಯವರು ಕಲ್ಲಿನ ಕೆಲಸ ಮಾಡ್ತಿದ್ದರು ಅಂದಿದ್ದಿರಿ.

ಮೇಷ್ಟ್ರು: ಹೌದು. ಬಂಡೆ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕೋರು. ಮೇಲಿನ ಪದರ ಕಾದು ಹಿಗ್ಗುತ್ತೆ, ಕೆಳಗಿನದು ತಣ್ಣಗೇ ಇರುತ್ತೆ, ನಡುವೆ ಬಿಟ್ಟುಕೊಂಡು ಚಪ್ಪಡಿ ಏಳುತ್ತೆ. ಬೆಂಕಿಯನ್ನ ಎಲ್ಲಿ, ಎಷ್ಟು ಹೊತ್ತು ಇಡಬೇಕು ಅನ್ನೋದರಲ್ಲೇ ಅವರ ಕಸುಬೆಲ್ಲ ಇತ್ತು.

ಡಾಕ್ಟರು: ಇಲ್ಲೂ ಹೊತ್ತಿನದ್ದೇ ಲೆಕ್ಕ. ಮಸಿಯ ಕಣ ಎಷ್ಟು ಬೇಗ ಕಾಯಬೇಕು ಅಂದರೆ, ಆ ಕಾವು ಪಕ್ಕದ ಚರ್ಮಕ್ಕೆ ಹರಿಯೋ ಮುಂಚೆ ಕಣ ಸಿಡಿದಿರಬೇಕು. ಅದಕ್ಕೆ ಬೆಳಕು ಇರಬೇಕಾದ ಹೊತ್ತು ಕೆಲವೇ ನ್ಯಾನೋಸೆಕೆಂಡು. ಒಂದು ಸೆಕೆಂಡನ್ನ ನೂರು ಕೋಟಿ ಭಾಗ ಮಾಡಿ, ಅದರಲ್ಲಿ ಐದೋ ಹತ್ತೋ ಭಾಗ ತಗೊಳ್ಳಿ. ಅಷ್ಟರಲ್ಲಿ ಮುಗೀಬೇಕು. ಬೋಸ್ಟನ್ನಿನ ಇಬ್ಬರು ಸಂಶೋಧಕರು, ಆಂಡರ್ಸನ್ ಮತ್ತು ಪ್ಯಾರಿಶ್, 1983ರಲ್ಲಿ ಈ ತತ್ವವನ್ನ ಬರೆದರು: ಯಾವ ಬಣ್ಣ ಒಡೀಬೇಕೋ ಆ ಬಣ್ಣ ಹೀರೋ ಬೆಳಕನ್ನ ಆರಿಸು, ಕಣದ ಗಾತ್ರಕ್ಕೆ ತಕ್ಕಷ್ಟೇ ಹೊತ್ತು ಬಿಡು. ಇವತ್ತು ಚರ್ಮದ ಯಾವ ಲೇಸರ್ ಕೆಲಸ ನೋಡಿದರೂ ಅದರ ಬುಡದಲ್ಲಿ ಈ ಮಾತಿದೆ.

ಮೇಷ್ಟ್ರು: ಅದಕ್ಕೂ ಮುಂಚೆ ಇರಲಿಲ್ಲವಾ ಲೇಸರ್?

ಡಾಕ್ಟರು: ಇತ್ತು. ಮೈಮನ್ ಅನ್ನೋರು ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊತ್ತಿಸಿದ್ದು 1960ರಲ್ಲಿ. ಆ ದಶಕ ಮುಗಿಯೋ ಮುಂಚೆಯೇ ಸಿನ್ಸಿನಾಟಿಯ ಲಿಯಾನ್ ಗೋಲ್ಡ್‌ಮನ್ ಅದನ್ನ ಹಚ್ಚೆ ಮೇಲೆ ಹಾಯಿಸಿ ನೋಡಿದ್ದರು. ಆಮೇಲೆ ಬಹಳ ಕಾಲ ನಿಧಾನದ ಲೇಸರ್‌ಗಳಿಂದ ಸುಟ್ಟು ತೆಗೆಯೋದೇ ನಡೀತು. ಉಪ್ಪು ಹಾಕಿ ಉಜ್ಜೋದು, ಯಂತ್ರದಿಂದ ಕೆರೆಯೋದು ಕೂಡ ಇದ್ದವು. ಹಚ್ಚೆ ಹೋಗೋದು, ಅದರ ಆಕಾರದಲ್ಲೇ ಕಲೆ ಉಳಿಯೋದು. ನ್ಯಾನೋಸೆಕೆಂಡಿನ ‘ಕ್ಯೂ-ಸ್ವಿಚ್ಡ್’ ಲೇಸರ್‌ಗಳು ಆಸ್ಪತ್ರೆಗೆ ಬಂದ ಮೇಲೇ ಕಲೆಯಿಲ್ಲದೆ ತೆಗೆಯೋ ಮಾತು ಬಂದದ್ದು. ಪಿಕೋಸೆಕೆಂಡ್ ಲೇಸರ್ ಅಂತ ಜಾಹೀರಾತಿನಲ್ಲಿ ನೋಡಿರ್ತೀರಿ, ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ. ಇನ್ನೂ ಚುರುಕು, ಕೆಲವು ಬಣ್ಣಕ್ಕೆ ಇನ್ನೂ ಒಳ್ಳೇದು. ಕಪ್ಪು ಹಚ್ಚೆಗೆ ಹಳೇ ನ್ಯಾನೋಸೆಕೆಂಡ್ ಯಂತ್ರ ಗೊತ್ತಿರೋರ ಕೈಯಲ್ಲಿದ್ದರೆ ಧಾರಾಳ ಸಾಕು.

ಮೇಷ್ಟ್ರು: ಪಾರ್ಲರಿನವರು ಹೊಡೆದದ್ದೂ ಲೇಸರ್ರೇ ಅಂತ ಹುಡುಗ ಹೇಳ್ತಾನೆ.

ಡಾಕ್ಟರು: ಅದು ಲೇಸರ್ ಆಗಿರೋದು ಅನುಮಾನ. ಬಹುಶಃ ಐಪಿಎಲ್ ಯಂತ್ರ, ಅಂದರೆ ಇಂಟೆನ್ಸ್ ಪಲ್ಸ್ಡ್ ಲೈಟ್. ಕ್ಸೆನಾನ್ ದೀಪದ ಮಿಂಚು, ಬಹಳ ಬಣ್ಣಗಳು ಕಲಸಿದ ಬೆಳಕು. ಕೂದಲು ತೆಗೆಯೋದಕ್ಕೆ, ಮುಖದ ಕೆಂಪು ನರಗಳಿಗೆ ಅದು ಉಪಯೋಗಕ್ಕೆ ಬರುತ್ತೆ. ಅದರ ಒಂದು ಮಿಂಚು ಇರೋದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ನಮಗೆ ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆದರೆ ಮಸಿಯ ಕಣದ ಲೆಕ್ಕದಲ್ಲಿ ಬೇಕಾದ್ದಕ್ಕಿಂತ ಹತ್ತು ಲಕ್ಷ ಪಟ್ಟು ಉದ್ದ. ಕಣ ಸಿಡಿಯಲ್ಲ, ಕಾಯುತ್ತೆ. ಕಾದು ಕಾದು ಸುತ್ತಲಿನ ಚರ್ಮವನ್ನ ಬೇಯಿಸುತ್ತೆ. ಹಚ್ಚೆಗೆ ಐಪಿಎಲ್ ಹಾಯಿಸಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ. ಕೂದಲು ತೆಗೆಯೋ ಬೆಳಕೇ ಹಚ್ಚೇನೂ ತೆಗೆಯುತ್ತೆ ಅಂತ ಹೇಳಿ ದುಡ್ಡು ತಗೊಳ್ಳೋದನ್ನ ನೋಡಿದರೆ ನನಗೆ ಸಂಕಟ ಆಗುತ್ತೆ. ಬಂದು ಹೊಡೆಸಿಕೊಳ್ಳೋರು ಯಾರು? ಹತ್ತೊಂಬತ್ತು, ಇಪ್ಪತ್ತು ವರ್ಷದ ಮಕ್ಕಳು.

ಮೇಷ್ಟ್ರು: ನಮ್ಮ ಮೈಬಣ್ಣಕ್ಕೂ ಇದಕ್ಕೂ ಸಂಬಂಧ ಇದೆಯಾ? ಬೇರೆ ದೇಶದವರ ವಿಡಿಯೊ ನೋಡ್ತಾರೆ ಹುಡುಗರು. ಅವರಿಗೆ ಆದದ್ದು ನಮಗ್ಯಾಕೆ ಆಗಲ್ಲ ಅಂತ ಕೇಳ್ತಾರೆ.

ಡಾಕ್ಟರು: ತುಂಬಾ ಇದೆ. ಚರ್ಮದಲ್ಲಿರೋ ಮೆಲನಿನ್ ಕೂಡ ಒಂದು ಬಣ್ಣವೇ ಅಲ್ವಾ? ಬೆಳಕಿಗೆ ಅದು ಮೊದಲು ಸಿಗುತ್ತೆ, ಹಚ್ಚೆ ಆಮೇಲೆ. 532 ನ್ಯಾನೋಮೀಟರಿನ ಹಸಿರು ಬೆಳಕು ಕೆಂಪು ಮಸಿಗೆ ಒಳ್ಳೇದು, ಆದರೆ ಅದನ್ನ ನಮ್ಮ ಮೆಲನಿನ್ ಕೂಡ ಚೆನ್ನಾಗಿ ಹೀರುತ್ತೆ. ಗುಳ್ಳೆ ಬರುತ್ತೆ, ಬಿಳಿ ಮಚ್ಚೆ ಉಳಿಯಬಹುದು. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಕಣ್ಣಿಗೆ ಕಾಣಲ್ಲ. ಮೆಲನಿನ್ ಅದನ್ನ ಕಡಿಮೆ ಹೀರುತ್ತೆ, ಅದು ಆಳಕ್ಕೂ ಹೋಗುತ್ತೆ. ನಮ್ಮ ಕಂದು ಚರ್ಮದ ಮೇಲಿನ ಕಪ್ಪು ಹಚ್ಚೆಗೆ ಅದೇ ಸುರಕ್ಷಿತ. ಆದರೂ ಮೊದಲು ಒಂದು ಮೂಲೆಯಲ್ಲಿ ಸ್ವಲ್ಪ ಹೊಡೆದು, ಕೆಲವು ವಾರ ಕಾದು ನೋಡೋದು ಕ್ರಮ. ಹಸಿರು, ನೀಲಿಗೆ ಬೇರೆ ಲೇಸರ್ ಬೇಕು, 755 ಅಥವಾ 694 ನ್ಯಾನೋಮೀಟರಿನದು. ಹಳದಿ ಬಹಳ ಹಟಮಾರಿ.

ಮೇಷ್ಟ್ರು: ಹಾಗಾದರೆ ನಮ್ಮ ಅಜ್ಜಿಯರ ಹಚ್ಚೆ ಕಷ್ಟ ಅಂತಾಯ್ತು. ಹಸಿರಲ್ವಾ ಅದು?

ಡಾಕ್ಟರು: ಹಸಿರಾಗಿ ಕಾಣುತ್ತೆ, ಒಳಗಿರೋದು ಕಪ್ಪು. ದೀಪದ ಮಸಿ ತಾನೇ? ಕಾರ್ಬನ್. ಚರ್ಮದ ಮೂಲಕ ಬೆಳಕು ಚದುರಿ ಬರೋದರಿಂದ ನಮ್ಮ ಕಣ್ಣಿಗೆ ನೀಲಿ-ಹಸಿರು. ಕಪ್ಪು ಎಲ್ಲ ಬೆಳಕನ್ನೂ ಹೀರುತ್ತೆ, ಹಾಗಾಗಿ ಲೇಸರ್‌ಗೆ ಸುಲಭವಾಗಿ ಸಿಗುತ್ತೆ. ಕೊರವಂಜಿ ಹಾಕಿದ ಹಚ್ಚೆಯಲ್ಲಿ ಮಸಿ ಒತ್ತಾಗಿಯೂ ಇರಲ್ಲ. ಮೂರು ನಾಲ್ಕು ಸಿಟ್ಟಿಂಗಿಗೆ ಎಷ್ಟೋ ತಿಳಿಯಾಗಿದ್ದನ್ನ ನೋಡಿದ್ದೀನಿ. ಈಗಿನ ಅಂಗಡಿಗಳಲ್ಲಿ ಯಂತ್ರದಿಂದ ಒತ್ತೊತ್ತಾಗಿ ತುಂಬಿರ್ತಾರಲ್ಲ, ಅದೇ ಕಷ್ಟ.

ಮೇಷ್ಟ್ರು: ಅಂಥವನ್ನ ತೆಗೆಸೋದಕ್ಕೂ ಬರ್ತಾರಾ? ನಮ್ಮಜ್ಜಿ ಹೇಳೋರು, ಸತ್ತಾಗ ಒಡವೆ ಬಿಚ್ಚಿಕೊಳ್ತಾರೆ, ಸೀರೆ ತೆಗೀತಾರೆ, ಜೊತೆಗೆ ಬರೋದು ಹಚ್ಚೆ ಒಂದೇ ಅಂತ.

ಡಾಕ್ಟರು: ನಮ್ಮ ಮನೆಯಲ್ಲೂ ಹಾಗೇ ಹೇಳೋರು. ಒಬ್ಬ ಹೆಂಗಸು ಬಂದಿದ್ದರು. ಅರವತ್ತರ ಹತ್ತಿರ. ಹಣೆ ನಡುವೆ ಹಚ್ಚೆ, ಗಲ್ಲದ ಮೇಲೆ ಚುಕ್ಕೆಗಳು, ಮುಂಗೈ ಮೇಲೆ ತೊಟ್ಟಿಲು. ಜೊತೆಗೆ ಮಗಳು. ಮಗಳು ಓದಿದವಳು, ಬೆಂಗಳೂರಲ್ಲಿ ಕೆಲಸ. ತೆಗೆಸಬೇಕು ಅಂತಿರೋಳು ಮಗಳು ಅಂದುಕೊಂಡೆ. ನೋಡಿದರೆ ಅವಳಿಗೆ ಇಷ್ಟವೇ ಇಲ್ಲ. ‘ಎಷ್ಟು ಚೆಂದ ಇದೆ, ಈಗ ಯಾರಿಗೆ ಸಿಗುತ್ತೆ ಇದು, ನೀವೇ ಹೇಳಿ ಡಾಕ್ಟ್ರೇ’ ಅಂತ ನನ್ನನ್ನ ಕೇಳಿದಳು. ತಾಯಿ ಆಗ ಬಾಯಿ ಬಿಟ್ಟರು. ಏಳು ವರ್ಷಕ್ಕೆ ಹಾಕಿಸಿದ್ದಂತೆ. ಇಬ್ಬರು ಕೈ ಹಿಡಿದುಕೊಂಡಿದ್ದರು, ಒಬ್ಬರು ತಲೆ. ನೋವು ಮರೀಲಿ ಅಂತ ಕೊರವಂಜಿ ಹಾಡು ಹೇಳ್ತಾ ಇದ್ದಳಂತೆ. ‘ಹಾಡು ಕೇಳಿಸ್ತಾನೇ ಇರಲಿಲ್ಲ ಕಣವ್ವ, ನನ್ನ ಕೂಗೇ ನನಗೆ ಕೇಳಿಸ್ತಿತ್ತು’ ಅಂದರು. ಆಮೇಲೆ ಅವರಿವರ ಮನೆಯಲ್ಲಿ ಅಡುಗೆ ಕೆಲಸ. ಎಲ್ಲಿ ಹೋದರೂ ಜನ ಮೊದಲು ನೋಡೋದು ಹಣೆ. ‘ನನ್ನನ್ನ ಯಾರಾದರೂ ಕೇಳಿ ಹಾಕಿದರಾ? ನನ್ನ ಹಣೆ ನನಗೆ ಒಂದು ಸಲ ಬರಿದಾಗಿ ನೋಡಬೇಕು’ ಅಂದರು.

ಮೇಷ್ಟ್ರು: ತೆಗೆದಿರಾ?

ಡಾಕ್ಟರು: ಹಣೆಯದನ್ನ ಮಾತ್ರ. ಕೈಮೇಲಿನ ತೊಟ್ಟಿಲು ಮುಟ್ಟಬೇಡಿ ಅಂದರು. ಅದನ್ನ ಅಕ್ಕತಂಗಿಯರು ಇಬ್ಬರೂ ಒಟ್ಟಿಗೆ, ದೊಡ್ಡವರಾದ ಮೇಲೆ ಜಾತ್ರೆಯಲ್ಲಿ ಇಷ್ಟಪಟ್ಟು ಹಾಕಿಸಿಕೊಂಡಿದ್ದು. ಅಕ್ಕ ಈಗಿಲ್ಲ. ಮಗಳು ಆವತ್ತು ಒಂದು ಮಾತೂ ಆಡಲಿಲ್ಲ. ಮುಂದಿನ ಸಿಟ್ಟಿಂಗಿಗೆ ತಾನೇ ಕರಕೊಂಡು ಬಂದಳು. ನೋಡಿ ಮೇಷ್ಟ್ರೇ, ಇದು ನಮ್ಮ ಸಂಸ್ಕೃತಿ, ತೆಗೆಸಬಾರದು ಅಂತ ಹೇಳೋದು ನನ್ನ ಕೆಲಸ ಅಲ್ಲ. ತೆಗೆಸಿ, ಹಳ್ಳಿಯವರ ಹಾಗೆ ಕಾಣ್ತೀರಿ ಅಂತ ಹೇಳೋದಂತೂ ಅಲ್ಲವೇ ಅಲ್ಲ. ಯಾರ ಮೈಯೋ ಅವರು ಹೇಳಬೇಕು. ಹಾಗಾಗಿ ಯಾರೇ ಬಂದರೂ ಮೊದಲು ಜೊತೆಯವರನ್ನ ಹೊರಗೆ ಕೂರಿಸಿ ಮಾತಾಡ್ತೀನಿ.

ಮೇಷ್ಟ್ರು: ನಮ್ಮ ಹುಡುಗರಿಗೆ ಆ ಪುರುಸೊತ್ತಿಲ್ಲವಲ್ಲ ಡಾಕ್ಟ್ರೇ. ಭರ್ತಿಯ ನೋಟಿಫಿಕೇಶನ್ ಬಂದ ದಿನ ತೋಳು ನೋಡಿಕೊಳ್ತಾರೆ. ಅಲ್ಲಿಂದ ಮೂರು ತಿಂಗಳೋ ನಾಲ್ಕು ತಿಂಗಳೋ. ಅಷ್ಟರಲ್ಲಿ ಆಗುತ್ತಾ?

ಡಾಕ್ಟರು: ಒತ್ತಾಗಿ ತುಂಬಿದ ಸಿಂಹಕ್ಕೆ ಆಗಲ್ಲ. ಮಿಲಾನಿನ ವೈದ್ಯರು 352 ಜನರನ್ನ ನೋಡಿ 2012ರಲ್ಲಿ ಬರೆದರು. ಹತ್ತು ಸಿಟ್ಟಿಂಗ್ ಆದ ಮೇಲೆ ಹಚ್ಚೆ ಪೂರ್ತಿ ಹೋದದ್ದು ಶೇಕಡಾ 47 ಮಂದಿಗೆ. ಹದಿನೈದು ಆದ ಮೇಲೆ 75ರ ಹತ್ತಿರ. ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಸಿಕ್ಕಿತು: ಎರಡು ಸಿಟ್ಟಿಂಗಿನ ನಡುವೆ ಎಂಟು ವಾರಕ್ಕಿಂತ ಹೆಚ್ಚು ಬಿಟ್ಟವರಿಗೆ ಗುಣ ಚೆನ್ನಾಗಿತ್ತು. ಬೇಗ ಬೇಗ ಹೊಡೆಸಿದವರಿಗೇ ಕಡಿಮೆ. ಬೀಡಿ ಸಿಗರೇಟು ಸೇದೋರಿಗಂತೂ ಬಹಳ ಕಡಿಮೆ. ಕಾಲಿನ ಹಚ್ಚೆ, ಪಾದದ ಹಚ್ಚೆ ನಿಧಾನ. ಈಗ ನೀವೇ ಲೆಕ್ಕ ಹಾಕಿ. ಎರಡು ತಿಂಗಳಿಗೊಂದರ ಹಾಗೆ ಹತ್ತು ಸಿಟ್ಟಿಂಗ್ ಅಂದರೆ ಒಂದೂವರೆ ವರ್ಷ.

ಮೇಷ್ಟ್ರು: ಒಂದೇ ದಿನ ನಾಲ್ಕು ಸಲ ಹೊಡೀತಾರಂತಲ್ಲ? ಒಬ್ಬ ಹುಡುಗ ಯಾವುದೋ ವಿಡಿಯೊ ತೋರಿಸಿದ.

ಡಾಕ್ಟರು: ಅದು ಸುಳ್ಳಲ್ಲ. ಲೇಸರ್ ಬಿದ್ದ ತಕ್ಷಣ ಆ ಜಾಗ ಬೆಳ್ಳಗೆ ಉಬ್ಬುತ್ತೆ, ಒಳಗೆ ಎದ್ದ ಗಾಳಿಗುಳ್ಳೆಗಳಿಂದ. ಅದರ ಮೇಲೆ ಮತ್ತೆ ಹೊಡೆದರೆ ಬೆಳಕು ಒಳಗೆ ಹೋಗಲ್ಲ. ಇಪ್ಪತ್ತು ನಿಮಿಷದಲ್ಲಿ ಆ ಬಿಳುಪು ಇಳಿಯುತ್ತೆ. ಇಳಿದ ಮೇಲೆ ಇನ್ನೊಮ್ಮೆ, ಹೀಗೆ ನಾಲ್ಕು ಸುತ್ತು. ಗ್ರೀಸಿನವರು 2012ರಲ್ಲಿ ಬರೆದ ವಿಧಾನ. ಬಿಳಿ ಚರ್ಮದವರಲ್ಲಿ ಚೆನ್ನಾಗಿ ಬಂತು. ನಮ್ಮ ಚರ್ಮಕ್ಕೆ ಒಂದೇ ದಿನ ಅಷ್ಟು ಕಾವು ಕೊಡೋದಕ್ಕೆ ನನಗೆ ಕೈ ಬರಲ್ಲ. ಪುಡಿ ಮಾಡಿದ್ದನ್ನ ಹೊರೋದಕ್ಕೆ ಮೈಗೆ ಟೈಮು ಬೇಕೇ ಬೇಕು, ಅದನ್ನ ಯಾವ ವಿಧಾನವೂ ಕಡಿಮೆ ಮಾಡಲ್ಲ.

ಮೇಷ್ಟ್ರು: ಹಾಗಾದರೆ ಈ ಹುಡುಗರಿಗೆ ದಾರಿಯೇ ಇಲ್ಲವಾ?

ಡಾಕ್ಟರು: ನಾನು ನಿಮ್ಮನ್ನ ಒಂದು ಕೇಳ್ತೀನಿ. ಬಂದೋರೆಲ್ಲ ‘ಸೇನೆಗೆ ಸೇರಬೇಕು, ಟ್ಯಾಟೂ ಇದ್ದರೆ ತಗೊಳ್ಳಲ್ಲ’ ಅಂತಾರೆ. ನಿಯಮ ನಿಜವಾಗಿ ಏನಿದೆ?

ಮೇಷ್ಟ್ರು: ಅದನ್ನ ನಾನು ಪ್ರತಿ ಸಲ ಓದಿ ಹೇಳ್ತೀನಿ, ಆದರೂ ಅರ್ಧ ಹುಡುಗರು ಕಿವಿಗೆ ಹಾಕಿಕೊಳ್ಳಲ್ಲ. ಭೂಸೇನೆಯಲ್ಲಿ ಮುಂಗೈ ಒಳಭಾಗ, ಅಂದರೆ ಮೊಣಕೈ ಒಳಗಿಂದ ಮಣಿಕಟ್ಟಿನವರೆಗೆ, ಮತ್ತೆ ಅಂಗೈ ಹಿಂಭಾಗ, ಇಷ್ಟು ಜಾಗದಲ್ಲಿದ್ದರೆ ಒಪ್ತಾರೆ. ಬೇರೆ ಕಡೆ ಇದ್ದರೆ ಇಲ್ಲ. ಬುಡಕಟ್ಟು ಸಮುದಾಯದವರಿಗೆ ಅವರ ಪದ್ಧತಿಯ ಹಚ್ಚೆಗೆ ವಿನಾಯಿತಿ ಇದೆ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳದ್ದು ಇನ್ನೂ ಬಿಗಿ. ಮುಂಗೈ ಒಳಭಾಗ ಅಂದರೆ ಎಡಗೈಯದು ಮಾತ್ರ, ಸೆಲ್ಯೂಟ್ ಮಾಡೋದು ಬಲಗೈ ಅಂತ. ಅಂಗೈ ಹಿಂಭಾಗಕ್ಕೆ ಅಡ್ಡಿಯಿಲ್ಲ. ದೇವರ ಚಿಹ್ನೆ, ಹೆಸರು ಇಂಥವು ಇರಬಹುದು. ಗಾತ್ರ ಆ ಅಂಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು.

ಡಾಕ್ಟರು: ನೋಡಿದಿರಾ? ಹೋದ ತಿಂಗಳು ಒಬ್ಬ ಹುಡುಗ ಎಡ ಮುಂಗೈ ಒಳಗಡೆ ಅವ್ವ ಅಂತ ಬರೆಸಿಕೊಂಡಿದ್ದನ್ನ ತೆಗೀರಿ ಅಂತ ಬಂದಿದ್ದ. ಸಾಲ ಮಾಡಿ ದುಡ್ಡು ತಂದಿದ್ದ.

ಮೇಷ್ಟ್ರು: ಅದು ಇದ್ದರೆ ಏನೂ ಆಗಲ್ಲ! ಎರಡು ಕಡೆಗೂ ನಡೆಯುತ್ತೆ.

ಡಾಕ್ಟರು: ನನಗೆ ಆವತ್ತು ನಿಯಮ ಗೊತ್ತಿರಲಿಲ್ಲ, ಗೊತ್ತಿರೋರನ್ನ ಕೇಳಿಕೊಂಡು ಬಾ ಅಂತ ವಾಪಸ್ ಕಳಿಸಿದೆ. ಇನ್ನು ಮೇಲೆ ಹಾಗೆ ಬಂದೋರಿಗೆ ನೋಟಿಫಿಕೇಶನ್ನಿನ ಪ್ರಿಂಟ್ ತಗೊಂಡು ಬನ್ನಿ, ಆಮೇಲೆ ಮಾತಾಡೋಣ ಅಂತೀನಿ. ತೆಗೆಯಲೇಬೇಕಾದದ್ದು ಚಿಕ್ಕದಾಗಿದ್ದರೆ ಲೇಸರ್ ಬಿಟ್ಟು ಇನ್ನೊಂದು ದಾರಿ ಇದೆ. ಒಂದು ಹೆಸರು, ಒಂದು ನಕ್ಷತ್ರ, ಅಷ್ಟು ಇದ್ದರೆ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು, ಆ ಚರ್ಮವನ್ನೇ ಕತ್ತರಿಸಿ ಹೊಲಿಗೆ ಹಾಕೋದು. ಒಂದೇ ಸಲಕ್ಕೆ ಮುಗಿಯುತ್ತೆ. ಒಂದು ಗೆರೆ ಉಳಿಯುತ್ತೆ, ಅದನ್ನ ಮುಂಚೆಯೇ ಹೇಳಬೇಕು. ಎದೆ, ಭುಜದ ಮೇಲೆ ಇದ್ದರೆ ಗೆರೆ ಉಬ್ಬೋ ಸಂಭವ ಹೆಚ್ಚು. ದೊಡ್ಡದಕ್ಕೆ ಇದು ಆಗಲ್ಲ.

ಮೇಷ್ಟ್ರು: ಕೆಲವು ಹುಡುಗರು ಸಿಂಹವನ್ನ ಮುಚ್ಚೋದಕ್ಕೆ ಚರ್ಮದ ಬಣ್ಣದ ಮಸಿ ತುಂಬಿಸ್ತಾರೆ.

ಡಾಕ್ಟರು: ದಯವಿಟ್ಟು ಬೇಡ ಅನ್ನಿ. ಬಿಳಿ, ಚರ್ಮದ ಬಣ್ಣ, ತಿಳಿಗುಲಾಬಿ ಮಸಿಗಳಲ್ಲಿ ಟೈಟಾನಿಯಂ, ಕಬ್ಬಿಣದ ಆಕ್ಸೈಡುಗಳಿರ್ತವೆ. ಲೇಸರ್ ಬಿದ್ದರೆ ತಿಳಿಯಾಗೋ ಬದಲು ಕಪ್ಪಾಗ್ತವೆ, ಅದೂ ಕಣ್ಣೆದುರಿಗೇ. ಹುಬ್ಬಿಗೆ ಪರ್ಮನೆಂಟ್ ಬಣ್ಣ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೂ ಇದೇ ತೊಂದರೆ. ಕೆಂಪು ಮಸಿ ತುರಿಸ್ತಾ ಇದ್ದರೆ, ದಪ್ಪಗಾಗಿದ್ದರೆ ಅದಕ್ಕೆ ಅಲರ್ಜಿ ಆಗಿದೆ ಅಂತ. ಅದನ್ನ ಲೇಸರಿನಿಂದ ಪುಡಿ ಮಾಡಿದರೆ ಅಲರ್ಜಿ ಮೈಗೆಲ್ಲ ಹರಡಬಹುದು. ಮುಂಚೆ ಹೇಳಲೇಬೇಕು.

ಮೇಷ್ಟ್ರು: ಜಾತ್ರೆಯಲ್ಲಿ ಹಾಕಿಸಿಕೊಂಡೋರೂ ಇದ್ದಾರೆ. ಒಂದೇ ಸೂಜಿ, ಸಾಲಾಗಿ ನಿಂತ ಹತ್ತು ಜನಕ್ಕೆ.

ಡಾಕ್ಟರು: ಅವರಿಗೆ ಹಚ್ಚೆ ತೆಗೆಯೋದಕ್ಕಿಂತ ಮೊದಲು ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆ ಮಾಡಿಸಿ ಅಂತೀನಿ. ಹಚ್ಚೆಯ ಗೆರೆ ಹಿಡಿದು ಕುಷ್ಠದ ಮಚ್ಚೆ ಎದ್ದದ್ದು ನಮ್ಮ ದೇಶದಲ್ಲೇ ವರದಿಯಾಗಿದೆ. ಹಚ್ಚೆ ಜಾಗದಲ್ಲಿ ಸ್ಪರ್ಶ ಗೊತ್ತಾಗ್ತಿಲ್ಲ ಅಂದರೆ ಉದಾಸೀನ ಮಾಡಬಾರದು.

ಮೇಷ್ಟ್ರು: ಲೇಸರ್ ಮಾಡಿಸ್ತಾ ಇರೋವಾಗ ಓಡಬಹುದಾ? ಬೆಳಿಗ್ಗೆ ಆರಕ್ಕೆ ಶುರು ಮಾಡ್ತೀವಿ, ಸಂಜೆ ನಾಲ್ಕಕ್ಕೆ ಮತ್ತೆ.

ಡಾಕ್ಟರು: ಬೆಳಗಿನದು ಪರವಾಗಿಲ್ಲ. ಸಂಜೆ ನಾಲ್ಕರ ಬಿಸಿಲು ಕಷ್ಟ. ಬಿಸಿಲಿಗೆ ಕಪ್ಪಾದ ಕೈಯಲ್ಲಿ ಮೆಲನಿನ್ ಹೆಚ್ಚು, ಲೇಸರ್ ಸುಡೋದೂ ಹೆಚ್ಚು. ಸಿಟ್ಟಿಂಗಿಗೆ ಮುಂಚಿನ ಕೆಲವು ವಾರ, ಆಮೇಲಿನ ಕೆಲವು ವಾರ ತುಂಬು ತೋಳಿನ ಬಟ್ಟೆ ಹಾಕಿಕೊಂಡು ಓಡಲಿ. ಗಾಯ ಮಾಗಿದ ಮೇಲೆ ಸನ್‌ಸ್ಕ್ರೀನ್ ಹಚ್ಚಲಿ. ಲೇಸರ್ ಆದ ದಿನ, ಮಾರನೇ ದಿನ ಬೆವರು ಸುರಿಸೋ ಕಸರತ್ತು ಬೇಡ. ಗುಳ್ಳೆ ಬಂದರೆ ಒಡೀಬಾರದು. ಹಕ್ಕಳೆ ಕಿತ್ತರೆ ಕಲೆ ಗ್ಯಾರಂಟಿ. ವ್ಯಾಸಲೀನ್ ಹಚ್ಚಿ ತೆಳುವಾಗಿ ಬ್ಯಾಂಡೇಜ್ ಸುತ್ತಿದರೆ ಸಾಕು, ಅರಿಸಿನ, ಸುಣ್ಣ ಏನೂ ಹಾಕೋದು ಬೇಡ. ಬಾರ್‌ನಲ್ಲಿ ನೇತಾಡೋ ಕಸರತ್ತು ಇದೆಯಲ್ಲ, ಗಾಯದ ಜಾಗ ಉಜ್ಜದ ಹಾಗಿದ್ದರೆ ಮಾಗಿದ ಮೇಲೆ ಮಾಡಲಿ.

ಮೇಷ್ಟ್ರು: ನೋವು?

ಡಾಕ್ಟರು: ಇದೆ. ಒಂದು ಗಂಟೆ ಮುಂಚೆ ಮರಗಟ್ಟಿಸೋ ಕ್ರೀಮು ಹಚ್ಚಿ ಮೇಲೆ ಪ್ಲಾಸ್ಟಿಕ್ ಮುಚ್ಚಿಡ್ತೀವಿ. ಆಗ ತಡಕೊಳ್ಳಬಹುದು.

ಮೇಷ್ಟ್ರು: ಒಂದು ಕ್ಲಿನಿಕ್ ಸರಿಯಿದೆಯಾ ಇಲ್ಲವಾ ಅಂತ ನಾವು ತಿಳಿಯೋದು ಹೇಗೆ? ನಿಮ್ಮ ಹತ್ತಿರವೇ ಎಲ್ಲರೂ ಬರೋದಕ್ಕಾಗಲ್ಲ.

ಡಾಕ್ಟರು: ಚರ್ಮರೋಗದಲ್ಲಿ ಓದಿದ ಡಾಕ್ಟರು ಖುದ್ದಾಗಿ ಇದ್ದಾರಾ, ಬೋರ್ಡಿನಲ್ಲಿ ಮಾತ್ರವಾ ಅಂತ ನೋಡಿ. ಖಾಸಗಿ ಕ್ಲಿನಿಕ್ಕಿಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರಲೇಬೇಕು, ಅದನ್ನ ಗೋಡೆ ಮೇಲೆ ಹಾಕಿರ್ತಾರೆ. ಯಂತ್ರದ ಹೆಸರು, ಅದು ಐಪಿಎಲ್ಲಾ ಕ್ಯೂ-ಸ್ವಿಚ್ಡ್ ಲೇಸರ್ರಾ ಅಂತ ನೇರವಾಗಿ ಕೇಳಿ, ಕೇಳೋದಕ್ಕೆ ಸಂಕೋಚ ಬೇಡ. ಆ ಬೆಳಕಿಗೆ ತಕ್ಕ ಕನ್ನಡಕವನ್ನ ಡಾಕ್ಟರೂ ಹಾಕಿಕೊಳ್ಳಬೇಕು, ಹುಡುಗನಿಗೂ ಹಾಕಬೇಕು. 1064ರ ಬೆಳಕು ಕಾಣಲ್ಲ, ಕಣ್ಣೊಳಗೆ ಹೋದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಕೊಡದ ಜಾಗದಲ್ಲಿ ಒಂದು ನಿಮಿಷವೂ ಕೂರಬಾರದು. ಒಂದೇ ಸಿಟ್ಟಿಂಗಿಗೆ ಪೂರ್ತಿ ಹೋಗುತ್ತೆ ಅಂತ ಬರೆದುಕೊಡೋಕೆ ಸಿದ್ಧ ಇರೋರ ಹತ್ತಿರವೂ ಹೋಗಬೇಡಿ. ಎಷ್ಟು ಸಿಟ್ಟಿಂಗ್ ಆಗಬಹುದು ಅಂತ ಅಂದಾಜು ಹೇಳೋದಕ್ಕೆ ಕಿರ್ಬಿ-ದೇಸಾಯಿ ಅಂತ ಒಂದು ಅಳತೆಪಟ್ಟಿ ಇದೆ. 2009ರದ್ದು. ಮೈಬಣ್ಣ, ಜಾಗ, ಮಸಿಯ ಬಣ್ಣ, ಮಸಿ ಎಷ್ಟು, ಆಗಲೇ ಕಲೆ ಇದೆಯಾ, ಒಂದರ ಮೇಲೊಂದು ಹಾಕಿಸಿದ್ದಾರಾ ಅನ್ನೋದಕ್ಕೆಲ್ಲ ಅಂಕ ಕೊಟ್ಟು ಕೂಡಿಸೋದು. ಅಷ್ಟು ಕೂತು ನೋಡೋ ಡಾಕ್ಟರು ಸಿಕ್ಕರೆ ನಂಬಿ. ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗದಲ್ಲೂ ಒಮ್ಮೆ ವಿಚಾರಿಸಿ, ಸಾಲ ಮಾಡೋ ಮುಂಚೆ.

ಮೇಷ್ಟ್ರು: ನಾನು ಒಂದು ಅಂದುಕೊಂಡೆ. ಹೊಸದಾಗಿ ತರಬೇತಿಗೆ ಬಂದ ದಿನ ಎತ್ತರ, ಎದೆ ಅಳತೆ ತಗೋತೀವಲ್ಲ, ಆವತ್ತೇ ತೋಳೂ ನೋಡಿಬಿಡೋದು. ಆಗ ಒಂದೂವರೆ, ಎರಡು ವರ್ಷ ಕೈಯಲ್ಲಿರುತ್ತೆ. ಹೈಸ್ಕೂಲಿನಲ್ಲೂ ಹೇಳಬೇಕು, ಹಾಕಿಸಿಕೊಳ್ಳೋ ಮುಂಚೆ.

ಡಾಕ್ಟರು: ಹೇಳಿ. ಹಾಕಿಸಿಕೊಳ್ಳಲೇಬೇಡಿ ಅಂತ ಹೇಳಿದರೆ ಆ ವಯಸ್ಸಿನವರು ಕೇಳಲ್ಲ. ಎಲ್ಲಿ ಹಾಕಿಸಿದರೆ ಏನಾಗುತ್ತೆ ಅಂತ ಹೇಳಿ. ತೋಳು ನೋಡೋವಾಗ ಒಬ್ಬೊಬ್ಬರನ್ನೇ ಕರೆದು ನೋಡಿ. ಎಲ್ಲರ ಎದುರು ಬೇಡ. ಯಾರ ಹೆಸರು ಇರುತ್ತೋ ಏನೋ.

ಮೇಷ್ಟ್ರು: ಈ ಸಿಂಹದ ಹುಡುಗನಿಗೆ ಏನು ಹೇಳಲಿ? ಮುಂದಿನ ವರ್ಷ ಅವನ ವಯಸ್ಸು ಮೀರುತ್ತೆ.

ಡಾಕ್ಟರು: ಸುಳ್ಳು ಭರವಸೆ ಕೊಡಬೇಡಿ. ಈಗ ಇರೋ ಉಬ್ಬು ಕಲೆಗೇ ಮೊದಲು ಇಂಜೆಕ್ಷನ್ ಕೊಟ್ಟು ತಗ್ಗಿಸಬೇಕು, ಅದಕ್ಕೇ ಕೆಲವು ತಿಂಗಳು. ಗಾಯದ ಮೇಲೆ ಲೇಸರ್ ಹಾಯಿಸೋದು ಆಮೇಲೆ. ಬಲ ಮುಂಗೈ ಹೊರಭಾಗ ಅಂದರೆ ಎರಡು ಕಡೆಗೂ ಆಗಲ್ಲ ಅಂತ ನೀವೇ ಹೇಳ್ತೀರಿ. ಈ ಸಲದ ಭರ್ತಿಗೆ ಆ ಕೈ ಸಿದ್ಧ ಆಗಲ್ಲ ಮೇಷ್ಟ್ರೇ. ನನಗೂ ಹೇಳೋಕೆ ಕಷ್ಟ. ಹಚ್ಚೆ ವಿಚಾರ ಕೇಳದ ಬೇರೆ ಯಾವ ಕೆಲಸಕ್ಕೆ ಆ ಓಟ ಉಪಯೋಗಕ್ಕೆ ಬರುತ್ತೆ ಅನ್ನೋದನ್ನ ನೀವು ನೋಡಿ, ಕ್ರೀಡಾ ಕೋಟಾ ಇದೆಯಾ, ಬೇರೆ ಇಲಾಖೆ ಇದೆಯಾ. ನಾನು ಕೈ ನೋಡ್ತೀನಿ. ಗುರುವಾರ ಮಧ್ಯಾಹ್ನ ರಶ್ ಕಡಿಮೆ, ಕರಕೊಂಡು ಬನ್ನಿ. ಆ ಕ್ರೀಮಿನ ಟ್ಯೂಬು ಎಸೆದಿಲ್ಲದಿದ್ದರೆ ಅದನ್ನೂ ತರಲಿ, ಏನು ಹಾಕಿದ್ದಾರೆ ಅಂತ ನೋಡಬೇಕು.

ಮೇಷ್ಟ್ರು: ಬೈತೀರೇನೋ ಅಂತ ಹೆದರ್ತಾ ಇದ್ದಾನೆ.

ಡಾಕ್ಟರು: ಬೈಯಲ್ಲ ಅಂತ ಹೇಳಿ. ಅಲ್ಲಿವರೆಗೆ ಆ ಕೈಗೆ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಲಿ.